ಟೌನ್‌ಹಾಲಿನ ಹೆಂಗಸರ ಗ್ಯಾಲರಿ

ನಾಟಕ ನೋಡಿ ಮನೆಗೆ ಮರಳಿದ ಹೆಂಗಸಿನ ಹಣೆಯನ್ನು ನೀವು ಎಂದಾದರೂ ಗಮನವಿಟ್ಟು ನೋಡಿದ್ದೀರಾ? ನಮ್ಮೂರಲ್ಲಿ ನೋಡಬೇಕಿತ್ತು. ವಿಭೂತಿ ಅಳಿಸಿಹೋಗಿ, ಕುಂಕುಮ ಮೂಗಿನ ಮೇಲೆ ಜಾರಿ, ಹುಬ್ಬುಗಳ ನಡುವೆ ಒಂದು ಚೌಕದ ಮೂಲೆ ಕೆಂಪಗೆ ಮೂಡಿರುತ್ತಿತ್ತು. ಮನೆಗೆ ಬಂದು, ಸೀರೆ ಬದಲಿಸಿ, ಒಲೆ ಹೊತ್ತಿಸಿ, ರೊಟ್ಟಿ ಬಡಿಯಲು ಕೂತ ಮೇಲೂ ಆ ಗೆರೆ ಹಣೆ ಬಿಟ್ಟು ಹೋಗುತ್ತಿರಲಿಲ್ಲ. ಗೆರೆ ಎಷ್ಟು ಆಳವೋ ನಾಟಕ ಅಷ್ಟು ಚೆನ್ನಾಗಿತ್ತು ಎಂದು ತಿಳಿಯಬೇಕು. ಏಕೆಂದರೆ ನಮ್ಮೂರ ಟೌನ್‌ಹಾಲಿನ ಹೆಂಗಸರ ಗ್ಯಾಲರಿಗೆ ಸಾಗವಾನಿ ಪಟ್ಟಿಗಳನ್ನು ಅಡ್ಡಡ್ಡ ಹೆಣೆದ ಜಾಳಿಯೊಂದಿತ್ತು. ಕಥೆ ಬಿಗಿಯಾದಂತೆ ನಾವೆಲ್ಲ ಅದಕ್ಕೆ ಹಣೆ ಒತ್ತಿ, ಒಂದೊಂದು ತೂತಿಗೆ ಒಂದೊಂದು ಕಣ್ಣು ಹಚ್ಚಿ ನಿಲ್ಲುತ್ತಿದ್ದೆವು. ಎಷ್ಟು ತಲೆಮಾರಿನ ಕುಂಕುಮ ಆ ಮರಕ್ಕೆ ಅಂಟಿತ್ತೋ! ಬೆರಳಿನಿಂದ ಉಜ್ಜಿದರೆ ಬೆರಳು ಕೆಂಪಾಗುತ್ತಿತ್ತು. ಊರಿನ ಇತಿಹಾಸ ಬರೆಯುವವರು ಇಂಥದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಊರು ಯಾವುದೆಂದು ಕೇಳಿದರೆ, ಔರಂಗಾಬಾದಿನಿಂದ ನಾಸಿಕದ ಕಡೆ ಹೊರಟ ಬಸ್ಸು ಚಹಾಕ್ಕೆಂದು ನಿಲ್ಲುವ ಊರುಗಳಲ್ಲಿ ಒಂದು ಎಂದರೆ ಸಾಕು. ನಾನು ಕಲಬುರ್ಗಿ ಕಡೆಯವಳು. ಭಾಲ್ಕಿಯಿಂದ ಬಂದು ಇಲ್ಲಿನ ಮೊಂಢಾದಲ್ಲಿ, ಅಂದರೆ ಕಾಳಿನ ಪೇಟೆಯಲ್ಲಿ, ಜೋಳದ ಅಂಗಡಿ ಇಟ್ಟವರ ಮನೆಗೆ ಸೊಸೆಯಾಗಿ ಬಂದವಳು. ಮಾವ ಅಂಗಡಿ ತೆರೆದಾಗ ಬೀದರ, ಕಲಬುರ್ಗಿ, ಔರಂಗಾಬಾದ ಎಲ್ಲವೂ ಒಂದೇ ನಿಜಾಮನ ಸೀಮೆ. ಆಮೇಲೆ ಯಾರೋ ನಕ್ಷೆಯ ಮೇಲೆ ಗೆರೆ ಎಳೆದರು. ಅಂಗಡಿ ಇದ್ದಲ್ಲೇ ಇತ್ತು, ಗಲ್ಲಾಪೆಟ್ಟಿಗೆಯ ಹಿಂದೆ ಕೂತ ಮಾವ ಮಾತ್ರ ರಾತ್ರಿ ಬೆಳಗಾಗುವುದರಲ್ಲಿ ಪರರಾಜ್ಯದವರಾದರು. ಮನೆಯಲ್ಲಿ ಕನ್ನಡ, ಅಂಗಡಿಯಲ್ಲಿ ಮರಾಠಿ, ಹಳೆಯ ಗಿರಾಕಿಗಳೊಡನೆ ಉರ್ದು. ನನ್ನ ಮಕ್ಕಳು ಕನ್ನಡದಲ್ಲಿ ಬೈಸಿಕೊಂಡು ಮರಾಠಿಯಲ್ಲಿ ಉತ್ತರ ಕೊಡುತ್ತಾರೆ.

ಈ ಟೌನ್‌ಹಾಲನ್ನು ಕಟ್ಟಿಸಿದವರು ಯಾರು? ದರಬಾರು ನಡೆಸಲಿಕ್ಕೆಂದು ಒಬ್ಬ ದೊಡ್ಡ ಅಧಿಕಾರಿ ಕಟ್ಟಿಸಿದ ಎನ್ನುವವರಿದ್ದಾರೆ. ಹತ್ತಿಯ ವ್ಯಾಪಾರಿಗಳು ಕೂಡಿ ಗೋದಾಮು ಕಟ್ಟಲು ಹೊರಟಿದ್ದರು, ನಡುವೆ ಹತ್ತಿಯ ಬೆಲೆ ಕುಸಿದು ಗೋದಾಮು ಸಭಾಗೃಹವಾಯಿತು ಎನ್ನುವವರಿದ್ದಾರೆ. ಮಗನ ಮದುವೆಗೆ ಮಂಟಪ ಸಾಲದೆಂದು ಒಬ್ಬ ಸಿರಿವಂತ ಕಟ್ಟಿಸಿದ, ಹುಡುಗ ಓಡಿಹೋದ, ಕಟ್ಟಡ ಉಳಿಯಿತು ಎನ್ನುವ ಕಥೆಯನ್ನು ಹೇಳುವಾಗ ಮುದುಕರ ಮುಖ ಬೆಳಗುತ್ತದೆ, ಹಾಗಾಗಿ ಅದೇ ಸುಳ್ಳಿರಬೇಕು. ನಾನು ಒಂದೊಂದು ದಿನ ಒಂದೊಂದನ್ನು ನಂಬುತ್ತೇನೆ. ಕಟ್ಟಡವೊಂದರ ಕಥೆಯನ್ನು ಅಡಿಪಾಯದಿಂದ ಕಳಸದವರೆಗೆ ಎಲ್ಲೂ ತಡವರಿಸದೆ ಹೇಳುವವರನ್ನು ಕಂಡರೆ ನನಗೆ ಗುಮಾನಿ. ನೆನಪು ಗಾರೆ ಕೆಲಸದವನಲ್ಲ, ಅದು ಇಟ್ಟಿಗೆಯ ಮೇಲೆ ಇಟ್ಟಿಗೆ ಇಡುವುದಿಲ್ಲ. ಸಿಕ್ಕಿದ ಕಲ್ಲನ್ನು ಸಿಕ್ಕಿದಲ್ಲಿ ಎಸೆದು ಹೋಗುತ್ತದೆ.

ಆದರೆ ಕಲ್ಲುಗಳ ಬಗ್ಗೆ ನನಗೆ ಅನುಮಾನವಿಲ್ಲ. ಆ ಹಾಲಿನ ನೆಲಕ್ಕೆ ಹಾಸಿದ್ದು ಶಹಾಬಾದಿ ಫರಸಿ, ನನ್ನ ತವರಿನ ಕಲ್ಲು. ಮೊದಲ ಸಲ ಒಳಗೆ ಇಣುಕಿ, ಆ ತೆಳುನೀಲಿ ಬೂದಿಬಣ್ಣವನ್ನು ಕಂಡಾಗ, ಪರವೂರಿನ ಸಂತೆಯಲ್ಲಿ ಚಿಕ್ಕಪ್ಪನ ಮುಖ ಕಂಡಂತಾಗಿ ಕಾಲು ತಾನೇ ಚಪ್ಪಲಿ ಬಿಟ್ಟಿತ್ತು. ಗೋಡೆಗಳು ಒಂದು ಮೊಳಕ್ಕಿಂತ ದಪ್ಪ. ಎತ್ತರದಲ್ಲಿ ಬಣ್ಣದ ಗಾಜಿನ ಬೆಳಕಿಂಡಿಗಳು. ಮಧ್ಯಾಹ್ನದ ನಾಟಕದಲ್ಲಿ ರಾಜನ ಬಿಳಿ ಗಡ್ಡ ಒಂದು ಅಂಕದಲ್ಲಿ ಹಸಿರಾಗಿ ಮುಂದಿನ ಅಂಕದಲ್ಲಿ ಕಿತ್ತಳೆಯಾಗುತ್ತಿತ್ತು. ವೈಶಾಖದಲ್ಲೂ ಒಳಗೆ ಬಾವಿಯ ತಂಪು. ಎಲ್ಲಕ್ಕಿಂತ ಮಿಗಿಲಾದದ್ದು ದನಿ. ರಂಗದ ಮೇಲಿನ ನಿಟ್ಟುಸಿರು ಯಾವ ಯಂತ್ರದ ಹಂಗೂ ಇಲ್ಲದೆ ಮೇಲಿನ ಗ್ಯಾಲರಿಯ ಕಡೆಯ ಬೆಂಚಿಗೆ ಬಂದು ಮುಟ್ಟುತ್ತಿತ್ತು. ಯಾರ ಕೈ ಅಳತೆ ಮಾಡಿ ಆ ಚಾವಣಿಯ ಬಾಗನ್ನು ಎಳೆಯಿತೋ, ಆ ಕೈಗೆ ನಾನು ಇಂದಿಗೂ ಮನಸ್ಸಿನಲ್ಲೇ ಕೈಮುಗಿಯುತ್ತೇನೆ.

ಹಾಲಿನ ಒಂದು ಬದಿಯ ಗೋಡೆಯುದ್ದಕ್ಕೂ ಗಂಡಸರ ಕುರ್ಚಿಗಳ ಮೇಲೆ ಚಾಚಿಕೊಂಡ ಗ್ಯಾಲರಿಗೆ ದಾರಿ ಬೇರೆ. ಹಿಂದಿನ ಓಣಿಯಿಂದ ಹೊರಗೋಡೆಗೆ ಅಂಟಿಕೊಂಡೇ ಮೇಲೇರುವ ಮೆಟ್ಟಿಲು. ಗಂಡಸರ ಕಣ್ಣಿಗೆ ಬೀಳದೆ ಹೋಗಿ, ಜಾಳಿಯ ಹಿಂದೆ ಕೂತು, ನೋಡಿ, ಅದೇ ದಾರಿಯಲ್ಲಿ ಇಳಿದು ಬರಬಹುದು. ಪರದೆಯ ಕಾಲದ ಏರ್ಪಾಡು. ಕಾಲೇಜು ಓದಿ ಬಂದ ನನಗೆ ಮೊದಲು ಅದನ್ನು ಕಂಡು ಮೈ ಉರಿದಿತ್ತು. ಆದರೆ ಒಂದು ಮಾತು ಬೇಗ ತಿಳಿಯಿತು: ಆ ಗುಟ್ಟಿನ ಮೆಟ್ಟಿಲು ಇಲ್ಲದಿದ್ದರೆ ನಮ್ಮ ಓಣಿಯ ಎಷ್ಟೋ ಹೆಂಗಸರು ಗುಡಿ ಮತ್ತು ಬಾವಿಗಳ ಆಚೆ ಏನನ್ನೂ ನೋಡುತ್ತಿರಲಿಲ್ಲ. ನಮ್ಮ ಮನೆಯಲ್ಲೂ ಕಟ್ಟಳೆ ಅದೇ. ಅತ್ತೆ ಹೋದರೆ ಸೊಸೆಯರು ಹೋಗಬಹುದು. ಅತ್ತೆ ಹೋಗುವುದು ಗ್ಯಾಲರಿ ಇದ್ದರೆ ಮಾತ್ರ.

ಅತ್ತೆಯ ಹೆಸರು ಸಂಗಮ್ಮ. ಊರಿಗೆಲ್ಲ ಸಂಗಮ್ಮಕಾಕು, ಅಂದರೆ ಚಿಕ್ಕಮ್ಮ. ಗ್ಯಾಲರಿಯಲ್ಲಿ ಅವರ ಪಕ್ಕದ ಜಾಗ ವಕೀಲರ ಹೆಂಡತಿಯದು; ಅವರನ್ನು ಎಲ್ಲರೂ ಆಪಾ, ಅಂದರೆ ಅಕ್ಕ, ಎನ್ನುತ್ತಿದ್ದರು. ಆಪಾನ ತವರು ಬೀದರ, ಅಲ್ಲಿನ ಕನ್ನಡ ಅವರ ನಾಲಗೆಯಲ್ಲಿ ಹಾಗೇ ಉಳಿದಿತ್ತು. ಮನೆಯಿಂದ ಬುರಖಾದಲ್ಲಿ ಬಂದು, ಮೆಟ್ಟಿಲೇರಿ, ಜಾಳಿಯ ಹಿಂದೆ ಕೂತ ಮೇಲೆ ಮುಖದ ನಖಾಬನ್ನು ಮೇಲೆತ್ತಿ "ಅಬ್ಬಾ" ಎಂದು ಗಾಳಿ ತೆಗೆದುಕೊಳ್ಳುತ್ತಿದ್ದರು. ಇಡೀ ಊರಿನಲ್ಲಿ ಮರಾಠಿ ನಾಟಕದ ಒಳ್ಳೆಯದು ಕೆಟ್ಟದನ್ನು ಅವರಷ್ಟು ಚೊಕ್ಕವಾಗಿ ಹೇಳುವವರಿರಲಿಲ್ಲ. "ಈ ನಾಯಕಿ ಅಳೂದು ನೋಡ್ರಿ ಸಂಗಮ್ಮ, ಈರುಳ್ಳಿ ಹೆಚ್ಚಿದಂಗ ಅಳ್ತಾಳ. ಗಂಡ ಸತ್ತಂಗಿಲ್ಲ" ಎನ್ನುತ್ತಿದ್ದರು. ಅತ್ತೆ ಜಾಳಿಗೆ ಹಣೆ ಒತ್ತಿಕೊಂಡೇ, "ಅಕಿ ಗಂಡನ್ನ ನೋಡ್ರಿ ಮೊದಲ. ಅಂಥವ ಸತ್ರ ಯಾರ ಅಳ್ತಾರ?" ಎನ್ನುತ್ತಿದ್ದರು.

ಅರವತ್ತರ ದಶಕ ಮುಗಿಯುತ್ತಿದ್ದ ಹೊತ್ತಿಗೆ ಸುದ್ದಿ ಬಂತು: ಗ್ಯಾಲರಿಯ ಮರ ಹಳತಾಗಿದೆ, ಕೆಳಗೆ ಕೂರುವವರ ತಲೆಗೆ ಅಪಾಯ, ಅದನ್ನು ಕಿತ್ತುಬಿಡುವ ಯೋಚನೆಯಿದೆ, ಹೆಂಗಸರು ಇನ್ನು ಮೇಲೆ ಕೆಳಗೇ ಒಂದು ಬದಿಗೆ ಕೂರಬಹುದು. ಹೇಳಿದವರಿಗೆ ಅದು ಸಣ್ಣ ಬದಲಾವಣೆ. ಅತ್ತೆ ಕೇಳಿ, ಹಿಟ್ಟಿನ ಕೈ ತೊಳೆದುಕೊಂಡು, "ಅಂದ್ರ ನಮ್ದ ಮುಗೀತು" ಎಂದರು. ಅವರದು ಮುಗಿದರೆ ನಮ್ಮದೂ ಮುಗಿಯಿತು, ಓಣಿಯ ಇನ್ನಷ್ಟು ಸೊಸೆಯರದೂ ಮುಗಿಯಿತು. ಆಪಾನದಂತೂ ಮಾತಾಡುವ ಹಾಗೇ ಇರಲಿಲ್ಲ.

ಆ ಭಾನುವಾರ ನನ್ನ ತಮ್ಮ ಶಿವು ಬಂದಿದ್ದ. ನಾಸಿಕದ ಬಳಿಯ ಓಝರಿನ ವಿಮಾನ ಕಾರ್ಖಾನೆಯಲ್ಲಿ ಎಂಜಿನಿಯರು; ರಜೆ ಬಂದರೆ ಜೋಳದ ರೊಟ್ಟಿ ಮತ್ತು ಪುಂಡಿಪಲ್ಯದ ಆಸೆಗೆ ಬಸ್ಸು ಹತ್ತಿ ನಮ್ಮಲ್ಲಿಗೆ ಬರುವುದು ಅವನ ರೂಢಿ. ಉಣ್ಣುತ್ತ ಎಲ್ಲ ಕೇಳಿದ. "ಹಳೇದು ಅಂದ್ರ ಬೀಳ್ತದಂತ ಯಾರು ಹೇಳಿದ್ರು? ಪರೀಕ್ಷಾ ಮಾಡ್ಯಾರೇನು?" ಎಂದ. ತಾವು ವಿಮಾನದ ರೆಕ್ಕೆಯನ್ನು ಹಾರಿಸುವ ಮೊದಲು ನೆಲದ ಮೇಲೇ ಪರೀಕ್ಷಿಸುವುದನ್ನು ಹೇಳಿದ: ರೆಕ್ಕೆಯನ್ನು ಮಗುಚಿ ಹಾಕಿ, ಅದರ ಮೇಲೆ ಮರಳಿನ ಚೀಲಗಳನ್ನು ಒಂದೊಂದಾಗಿ ಪೇರಿಸುತ್ತ ಹೋಗುವುದು, ಎಷ್ಟು ಬಾಗುತ್ತದೆಂದು ನೋಡುವುದು, ಆಮೇಲೆ ಭಾರ ಇಳಿಸಿ, ಬಾಗಿದ್ದು ಮತ್ತೆ ಮೊದಲಿನಂತೆ ಏಳುತ್ತದೆಯೇ ಎಂದು ನೋಡುವುದು. "ಬಾಗೂದು ತಪ್ಪಲ್ರಿ ಅತ್ತಿ. ಬಾಗಿದ್ದು ಅಲ್ಲೇ ಉಳೀತಂದ್ರ ತಪ್ಪು."

"ನಮ್ಮ ಗ್ಯಾಲರಿ ಹಾರಂಗಿಲ್ಲಲ್ಲೋ ತಮ್ಮಾ" ಎಂದರು ಅತ್ತೆ.

"ಬೀಳಂಗಿಲ್ಲ ಅಂತ ತೋರಿಸಿದ್ರ ಸಾಕಲ್ರಿ."

ಮುನ್ಸಿಪಾಲಿಟಿಯ ಓವರ್ಸಿಯರ್ ಸಾಹೇಬರು ಒಳ್ಳೆಯ ಮನುಷ್ಯ. ಕೆಡವಿ ಪಾಪ ಕಟ್ಟಿಕೊಳ್ಳುವ ಆಸೆ ಅವರಿಗೂ ಇರಲಿಲ್ಲ. ಶಿವು ಹೋಗಿ ವಿವರಿಸಿದಾಗ, ಮಾಡಿ ತೋರಿಸಿ, ಗಟ್ಟಿಯಾಗಿದ್ದರೆ ಗಟ್ಟಿಯಾಗಿದೆ ಎಂದೇ ಬರೆಯುತ್ತೇನೆ ಎಂದರು. ಮರಳು ಎಲ್ಲಿಂದ ತರುವುದು? ನಮ್ಮ ಮಾವನ ಗೋದಾಮಿನಲ್ಲಿ ಜೋಳದ ಚೀಲಗಳು ಚಾವಣಿ ಮುಟ್ಟುತ್ತಿದ್ದವು. ಈಗ ಶಿವುವನ್ನು ಕೇಳಿದರೆ ಮರಳೇ ಇತ್ತು ಎನ್ನುತ್ತಾನೆ, ಮಾವ ಕಡಲೆ ಎನ್ನುತ್ತಿದ್ದರು. ನನ್ನ ಕಣ್ಣಿಗೆ ಕಟ್ಟಿರುವುದು ಜೋಳ. ಒಂದು ಚೀಲದ ಹೊಲಿಗೆ ಬಿಚ್ಚಿ ಮೆಟ್ಟಿಲ ತುಂಬ ಚೆಲ್ಲಿದ್ದ ಕಾಳನ್ನು ಓಣಿಯ ಕೋಳಿಗಳು ಬಂದು ಹೆಕ್ಕಿದ್ದು ಮರಳಾಗಿರಲಾರದು.

ಹಮಾಲರು ಚೀಲ ಹೊತ್ತು ಹೆಂಗಸರ ಮೆಟ್ಟಿಲು ಏರಿದರು. ಬಹುಶಃ ಆ ಮೆಟ್ಟಿಲು ಕಂಡ ಮೊದಲ ಗಂಡುಕಾಲುಗಳು ಅವು. ಅತ್ತೆ ಕೆಳಗೆ ನಿಂತು ಒಬ್ಬೊಬ್ಬರಿಗೂ ಚಪ್ಪಲಿ ಬಿಡಿಸಿದರು, ಮೊದಲ ಚೀಲಕ್ಕೆ ವಿಭೂತಿ ಹಚ್ಚಿದರು. ಕೆಳಗಿನ ಹಾಲಿನಲ್ಲಿ ಯಾರನ್ನೂ ನಿಲ್ಲಗೊಡದೆ, ಗ್ಯಾಲರಿಯ ನೆಲದಿಂದ ತುಸು ಕೆಳಗೆ, ಕಂಬದಿಂದ ಕಂಬಕ್ಕೆ ಶಿವು ಬಿಗಿಯಾಗಿ ಒಂದು ದಾರ ಕಟ್ಟಿದ. ನೆಲ ಎಷ್ಟು ಬಾಗಿತೆಂಬುದನ್ನು ಆ ದಾರ ಹೇಳಬೇಕು. ಆಮೇಲೆ ಅವನು ಬೆಂಚುಗಳ ಮೇಲೆ, ಒಂದು ಹೆಂಗಸಿಗೆ ಒಂದು ಚೀಲದ ಹಾಗೆ, ಹಿಂದಿನ ಸಾಲಿನಿಂದ ಮುಂದಿನ ಸಾಲಿನವರೆಗೆ ಒಂದೇ ಸಮನೆ ಚೀಲಗಳನ್ನು ಕೂರಿಸಿದ. ನೋಡಲು ಎಷ್ಟು ಚೆಂದವಿತ್ತು! ಅಷ್ಟು ಶಿಸ್ತಿನ ಪ್ರೇಕ್ಷಕರನ್ನು ಆ ಗ್ಯಾಲರಿ ಎಂದೂ ಕಂಡಿರಲಿಲ್ಲ. ಮರ ಒಮ್ಮೆ ನಿಟ್ಟುಸಿರು ಬಿಟ್ಟಿತು, ಅಷ್ಟೇ. ನೆಲಕ್ಕೂ ದಾರಕ್ಕೂ ನಡುವಿನ ಸಂದು ಹೆಚ್ಚುಕಡಿಮೆ ಇದ್ದ ಹಾಗೇ ಇತ್ತು. ಓವರ್ಸಿಯರ್ ಸಾಹೇಬರು ನಗುತ್ತ, "ವಾ! ಏಕದಮ್ ಪಕ್ಕಾ" ಎಂದು ಜೇಬಿನ ಪೆನ್ನಿಗೆ ಕೈ ಹಾಕಿದರು.

ಆಗ ಮೆಟ್ಟಿಲೇರಿ ಬಂದು ಗ್ಯಾಲರಿಯ ಬಾಗಿಲಲ್ಲಿ ನಿಂತಿದ್ದ ಅತ್ತೆ ಬಾಯಿ ತೆರೆದರು.

"ತಮ್ಮಾ, ನಾವು ಹಿಂಗ ಕುಂಡ್ರಂಗಿಲ್ಲಲ್ಲೋ."

ನಾನು ಹಿಂದಿನಿಂದ ಅವರ ಸೆರಗು ಜಗ್ಗಿದೆ. "ಸುಮ್ಕಿರ್ರಿ ಅತ್ತಿ!"

"ಸುಮ್ಕಿದ್ರ ನಾಳೆ ನಿನ್ನ ಮಾವನ ತಲಿ ಮ್ಯಾಲ ಬೀಳ್ತೀವಿ. ಪಾಪ, ಆ ತಲಿಯಾಗ ಮೊದಲ ಏನೂ ಉಳಿದಿಲ್ಲ" ಎಂದು ನನ್ನ ಕೈ ಬಿಡಿಸಿಕೊಂಡು ಮುಂದೆ ಬಂದರು. "ನೋಡು ಶಿವೂ, ನಾಟಕ ಶುರು ಆಗೂತನ ಇಷ್ಟ ಛಂದ ಕುಂಡ್ರತೀವಿ. ಶುರು ಆತಂದ್ರ ಎಲ್ಲಾರೂ ಎದ್ದು ಇಲ್ಲಿ ಬರ್ತೀವಿ, ಜಾಳಿಗಿ. ಹಿಂದ ಒಂದು ಬೆಕ್ಕೂ ಇರಂಗಿಲ್ಲ. ಚೀಲಾನ ಇಲ್ಲಿ ತಂದು ನಿಂದ್ರಸು."

ಆ ತಪ್ಪನ್ನು ಮಾಡಬಲ್ಲವರು, ಎಂದೂ ಮೇಲೆ ಕೂತಿರದ ಗಂಡಸರು ಮಾತ್ರ. ಶಿವುವಿನ ಮುಖ ಒಂದು ಕ್ಷಣ ಸಪ್ಪಗಾಯಿತು, ಮರುಕ್ಷಣವೇ ಅದರಲ್ಲಿ ಹಬ್ಬ. ತಪ್ಪು ಸಿಕ್ಕಿದರೆ ಖುಷಿಪಡುವ ಜಾತಿಯವನು ಅವನು. ಚೀಲಗಳನ್ನೆಲ್ಲ ಮುಂದಕ್ಕೆ ಸಾಗಿಸಿ ಜಾಳಿಯ ಬುಡದಲ್ಲಿ ಪೇರಿಸಿದರು. ಅರ್ಧ ಮುಗಿಯುವಷ್ಟರಲ್ಲಿ ಗ್ಯಾಲರಿ ನರಳಿತು. ಮರದ ನರಳಿಕೆ ಮನುಷ್ಯರದರಂತೆಯೇ ಹೊಟ್ಟೆಯೊಳಗಿನಿಂದ ಬರುತ್ತದೆ. ದಾರದ ಮೇಲೆ ನೆಲ ಬಂದು ಕೂತಿತು. ಶಿವು ಕೈ ಎತ್ತಿ ನಿಲ್ಲಿಸಿದ. ಚೀಲಗಳನ್ನು ಇಳಿಸಿ ಎಷ್ಟು ಹೊತ್ತು ಕಾದರೂ ನೆಲದ ಅಂಚು ಪೂರ್ತಿ ಮೇಲೇಳಲಿಲ್ಲ.

ಓವರ್ಸಿಯರ್ ಸಾಹೇಬರು ಪೆನ್ನನ್ನು ಜೇಬಿಗೆ ಸೇರಿಸಿದರು. "ಕಾಕು, ಹೇ ಚಾಲಣಾರ ನಾಹೀ" ಎಂದರು, ಸಾವಿನ ಸುದ್ದಿ ಹೇಳುವ ದನಿಯಲ್ಲಿ. ನಡೆಯುವುದಿಲ್ಲ.

ನಮ್ಮ ಹಿಂದೆ ಮೆಟ್ಟಿಲ ಮೇಲೆ ನೆರೆದಿದ್ದ ಓಣಿಯ ಹೆಂಗಸರೆಲ್ಲ ಅತ್ತೆಯ ಕಡೆ ತಿರುಗಿದರು. ನನಗೂ ಸಿಟ್ಟು ಬಂದಿತ್ತು ಎಂದು ಬರೆಯುವುದು ಸುಲಭ; ಬಂದಿತ್ತೋ, ಇಲ್ಲ, ಆಮೇಲೆ ಕಥೆ ಹೇಳುವಾಗ ಸೇರಿಸಿಕೊಂಡೆನೋ ತಿಳಿಯದು. ನೆನಪಿರುವುದು ಅತ್ತೆಯ ಬೆನ್ನು. ಸೆಟೆದು ನಿಂತಿತ್ತು.

ಶಿವು ಯಾರ ಮುಖವನ್ನೂ ನೋಡದೆ ಖಾಲಿ ಗ್ಯಾಲರಿಗೆ ಹೋಗಿ ಹಿಂದಿನ ಬೆಂಚಿನ ಮೇಲೆ ಕೂತ. ಅಲ್ಲಿಂದ ರಂಗವನ್ನು ನೋಡಲು ಯತ್ನಿಸಿದ. ಕತ್ತು ಉದ್ದ ಮಾಡಿದ, ಎದ್ದ, ಒಂದು ಹೆಜ್ಜೆ ಬಂದ, ಇನ್ನೊಂದು ಬಂದ, ಕಡೆಗೆ ಜಾಳಿಗೆ ಹಣೆ ಒತ್ತಿ ನಿಂತ. ಹಾಗೇ ನಿಂತು ನಗತೊಡಗಿದ. ತಿರುಗಿದಾಗ ಅವನ ಹಣೆಯ ಮೇಲೆ ನಮ್ಮ ಗುರುತಿತ್ತು, ಅಜ್ಜಿಯರ ಕುಂಕುಮದ ಸಮೇತ.

"ಅತ್ತೀ, ತಪ್ಪು ಮರದ್ದಲ್ರಿ, ಈ ಜಾಳೀದು. ಇದು ಇದ್ದದ್ದಕ್ಕ ಹಿಂದ ಕುಂತ್ರ ಏನೂ ಕಾಣಂಗಿಲ್ಲ, ಕಾಣಂಗಿಲ್ಲಂತ ಎಲ್ಲಾರೂ ಅಂಚಿಗಿ ಬರ್ತೀರಿ. ಮ್ಯಾಲ ಇದರ ಭಾರ ಬ್ಯಾರೆ, ಅದೂ ಅಂಚಿನ ಮ್ಯಾಗ. ಇದನ್ನ ತಗದು, ಬೆಂಚ ಹಿಂದ ಬಿಗದ್ರ, ಕುಂತಲ್ಲಿಂದನ ಕಾಣ್ತದ. ಅಂಚು ದುರಸ್ತಿ ಮಾಡಿದ್ರ ಗ್ಯಾಲರಿ ಇನ್ನೂ ಭಾಳ ವರ್ಷ ನಿಲ್ತದ."

ಓವರ್ಸಿಯರ್ ಸಾಹೇಬರು ಒಪ್ಪಿದರು. ಜಾಳಿ ಹೋದರೆ ಗ್ಯಾಲರಿ ಉಳಿಯುತ್ತದೆ.

ಓದುಗ ಗೆಳೆಯರೇ, ಆ ಮಾತನ್ನು ನಾನು ಎಷ್ಟು ಸಲ ತಿರುವಿ ಹಾಕಿದ್ದೇನೋ! ಹೆಂಗಸರು ಕಾಣಬಾರದೆಂದು ಎತ್ತಿ ನಿಲ್ಲಿಸಿದ ಮರೆ, ಕಾಣಲು ಬಂದ ಅದೇ ಹೆಂಗಸರನ್ನು ಅಂಚಿಗೆ ಎಳೆದೆಳೆದು, ತನ್ನನ್ನು ಹೊತ್ತ ನೆಲವನ್ನೇ ಬಾಗಿಸುತ್ತ ಬಂದಿತ್ತು. ಕಟ್ಟಿದವರಿಗೆ ಅದು ಹೊಳೆದಿರಲಾರದು. ಅವರು ಲೆಕ್ಕ ಹಾಕಿದ್ದು ತೆಪ್ಪಗೆ ಕೂತಿರುವ ಹೆಂಗಸಿನ ತೂಕವನ್ನು. ಕಥೆಯ ಆಸೆಗೆ ಎದ್ದು ಬರುವ ಹೆಂಗಸಿನ ತೂಕ ಬೇರೆ. ಆದರೂ ಆ ಕಟ್ಟಡ ಇಷ್ಟು ಕಾಲ ನಮ್ಮನ್ನು ಹೊತ್ತು ನಿಂತಿತ್ತಲ್ಲ, ತನ್ನ ಲೆಕ್ಕವನ್ನು ಮೀರಿ! ನಾನು ಅದನ್ನು ಮೆಚ್ಚುವುದು ಅದಕ್ಕೇ.

ಅತ್ತೆಗೆ ಈ ವಿಚಾರಗಳಿಗೆಲ್ಲ ಪುರುಸೊತ್ತಿರಲಿಲ್ಲ. ಅವರು ಹೂಂ ಎನ್ನಲೆಂದು ಎಲ್ಲರೂ ಕಾಯುತ್ತಿದ್ದರು, ಏಕೆಂದರೆ ಸಂಗಮ್ಮಕಾಕು ಮರೆಯಿಲ್ಲದ ಗ್ಯಾಲರಿಯಲ್ಲಿ ಕೂತರೆ ಓಣಿಯ ಯಾವ ಮನೆಯೂ ತನ್ನ ಸೊಸೆಯನ್ನು ತಡೆಯುವ ಹಾಗಿರಲಿಲ್ಲ. ಅವರು ನನ್ನನ್ನು ಕರೆದುಕೊಂಡು ನೆಟ್ಟಗೆ ವಕೀಲರ ಮನೆಗೆ ನಡೆದರು. ಆಪಾ ಅಂಗಳದಲ್ಲಿ ಕೂತು ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದರು. ಅತ್ತೆ ಎಲ್ಲವನ್ನೂ ಹೇಳಿ, "ನಂದೇನು, ಸೆರಗು ಎಳಕೊಂಡು ಕುಂಡ್ರತೀನಿ. ನೀವು?" ಎಂದರು.

ಆಪಾ ತೊಟ್ಟು ಬಿಡಿಸುವುದನ್ನು ನಿಲ್ಲಿಸಲಿಲ್ಲ. "ಜಾಳಿ ಇಟಗೊಂಡು ಗ್ಯಾಲರಿ ಕಳಕೊಂಡ್ರ ಆ ಜಾಳಿ ತಗೊಂಡು ಏನ ಮಾಡೂದ್ರಿ, ಶ್ಯಾವಿಗಿ ಒಣಗಿಸೂದಾ? ಹೂಂ ಅಂತ ಹೇಳಿಬಿಡ್ರಿ" ಎಂದರು. ಇನ್ನೊಂದು ತೊಟ್ಟು ಮುರಿದು, ಮೆಣಸಿನಕಾಯಿಗೇ ಹೇಳಿದ ಹಾಗೆ, "ಬೀದರದಿಂದ ಬಂದ ಮ್ಯಾಲ ಈ ಊರಾಗ ಮುಖಕ್ಕ ಗಾಳಿ ತಾಗಿಸ್ಕೊಂಡು ಮಂದ್ಯಾಗ ಕುಂತಿದ್ದು ಅದೊಂದ ಜಾಗಾದಾಗ" ಎಂದರು.

ಹಿಂದಿರುಗುವಾಗ ಅತ್ತೆ ಮನೆಯ ದಾರಿ ಹಿಡಿಯಲಿಲ್ಲ. ಟೌನ್‌ಹಾಲಿಗೆ ಹೋದರು. ಶಿವು ಮತ್ತು ಓವರ್ಸಿಯರ್ ಸಾಹೇಬರು ಇನ್ನೂ ಅಲ್ಲೇ ಇದ್ದರು. "ಈ ಮೂಲಿ ಎದರ ಮ್ಯಾಲ ನಿಂತದ?" ಎಂದು ಗ್ಯಾಲರಿಯ ಎಡತುದಿಯನ್ನು ತೋರಿಸಿದರು. ಅದು ಗೋಡೆಯಿಂದ ಮುಂಚಾಚಿದ ಕಲ್ಲಿನ ಮೇಲೆ ಕೂತಿತ್ತು. "ಹಂಗಾದ್ರ ಅಲ್ಲಿ ಒಂದು ಪಾಲ ಜಾಳಿ ಇರ್ಲಿ. ಉಳದದ್ದು ತಗೀರಿ." ಶಿವು ಕಲ್ಲನ್ನು ತಟ್ಟಿ ನೋಡಿ, ಇಡೀ ಗೋದಾಮನ್ನೇ ಅಲ್ಲಿ ಪೇರಿಸಬಹುದು ಎಂದ. ಓವರ್ಸಿಯರ್ ಸಾಹೇಬರು ಬರೆದುಕೊಂಡರು.

ದುರಸ್ತಿ ಮುಗಿದು ಮೊದಲ ನಾಟಕ ಬಂದ ದಿನ ನಾವು ಹಿಂದಿನ ಓಣಿಯ ಮೆಟ್ಟಿಲನ್ನೇ ಏರಿದೆವು. ಮೇಲೆ ಕಾಲಿಟ್ಟರೆ ಕಣ್ಣಿಗೆ ಕತ್ತಲೆ ಬರುವಷ್ಟು ಬೆಳಕು. ನಾವು ಎಂದೂ ಒಂದೇ ನೋಟಕ್ಕೆ ಕಂಡಿರದ ಹಾಲು, ಈ ತುದಿಯಿಂದ ಆ ತುದಿಯವರೆಗೆ, ಬಣ್ಣದ ಗಾಜಿನ ಕೆಂಪು ಹಸಿರು ಚೂರುಗಳನ್ನು ಶಹಾಬಾದಿ ಫರಸಿಯ ಮೇಲೆ ಚೆಲ್ಲಿಕೊಂಡು ತೆರೆದುಕೊಂಡಿತ್ತು. ಅಷ್ಟು ದಿನ ನಾವು ಆ ಕಟ್ಟಡವನ್ನು ಚೌಕ ಚೌಕವಾಗಿ ಕೊಂಡು ತಂದಿದ್ದೆವು. ಕೆಳಗಿನ ಕುರ್ಚಿಗಳಿಂದ ತಲೆಗಳು ಒಂದೊಂದಾಗಿ ಮೇಲಕ್ಕೆ ತಿರುಗಿದವು. ನಮ್ಮಲ್ಲಿ ಕೆಲವರು ಸೆರಗನ್ನು ಹುಬ್ಬಿನವರೆಗೆ ಎಳೆದುಕೊಂಡೆವು. ಆಪಾ ತಮ್ಮ ಮೂಲೆಯ ಜಾಳಿಯ ಹಿಂದೆ ಕೂತು ನಖಾಬು ಎತ್ತಿದರು. ಅತ್ತೆ ಅವರ ಪಕ್ಕದಲ್ಲೇ, ಆದರೆ ಜಾಳಿ ಮುಗಿದು ಬಯಲು ಶುರುವಾಗುವ ಮೊದಲ ಜಾಗದಲ್ಲಿ ಕೂತು, ಎರಡೂ ಕೈಗಳನ್ನು ಮೊಣಕಾಲ ಮೇಲಿಟ್ಟು ಕೆಳಗೆ ನೋಡಿದರು.

ನಾಟಕ ನಡೆಯಿತು. ಯಾವುದೆಂದು ಕೇಳಬೇಡಿ, ನಾಟಕದ ಒಂದು ಸಾಲೂ ನನಗೆ ನೆನಪಿಲ್ಲ. ಎರಡನೆಯ ಅಂಕದಲ್ಲಿ ಅತ್ತೆಯ ಭುಜ ಕುಲುಕತೊಡಗಿತು. ಅಳುತ್ತಿದ್ದಾರೆಂದು ನಾನು ಬಾಗಿದೆ. ಅವರು ಸೆರಗನ್ನು ಬಾಯಿಗೆ ಒತ್ತಿಕೊಂಡು ನಗುತ್ತಿದ್ದರು.

"ಆಪಾ," ಎಂದು ಪಿಸುಗುಟ್ಟಿದರು, "ನಮ್ಮನ್ನ ಇಷ್ಟ ವರ್ಷ ಇವರಿಗಿ ಕಾಣಬಾರದಂತ ಮುಚ್ಚಿಟ್ಟಿದ್ರಲ್ರಿ, ಇವರು ಇಲ್ಲಿ ಏನ ಮಾಡ್ತಾರಂತ ನೋಡ್ರಿ. ಮುಂದಿನ ಸಾಲಿನ್ಯಾಗ ನಮ್ಮವರು. ಬಾಯಿ ತಕ್ಕೊಂಡು ಮಲಗ್ಯಾರ. ಅವರ ಬಾಜೂಕ ನಿಮ್ಮ ವಕೀಲ ಸಾಹೇಬರು. ನಮ್ಮವರ ಹೆಗಲ ಮ್ಯಾಲನ ತಲಿ ಇಟ್ಟಾರ!"

ಜಾಳಿಯ ಹಿಂದಿನಿಂದ ರಂಗ ಕಾಣುತ್ತಿತ್ತು, ಮುಂದಿನ ಸಾಲು ಕಾಣುತ್ತಿರಲಿಲ್ಲ. ಆಮೇಲೆ ಬಟ್ಟೆಯ ಸರಸರ ಕೇಳಿಸಿತು. ಆಪಾ ನಖಾಬನ್ನು ಮುಖದ ಮೇಲೆ ಇಳಿಸಿಕೊಂಡು ಬೆಂಚಿನ ಮೇಲೆ ಈಚೆಗೆ ಜರುಗಿದರು.

"ಜರಾ ಸರೀರಿ ಸಂಗಮ್ಮ" ಎಂದರು. "ನಾನೂ ನೋಡ್ತೀನಿ ನಮ್ಮವರ್ನ."

ಅತ್ತೆ ಸರಿದು ಜಾಗ ಕೊಟ್ಟರು.